ಅತ್ತಿಗೆಯ ಎರಡು ಕೈಗಳು

ನನ್ನ ಅತ್ತಿಗೆ ಬಾಗಿಲನ್ನು ಕೈಯಿಂದ ತೆರೆದದ್ದನ್ನು ನಾನು ಕಂಡವನಲ್ಲ. ಆಸ್ಪತ್ರೆಯ ಬಾಗಿಲಿರಲಿ, ಅಂಗಡಿಯ ಬಾಗಿಲಿರಲಿ, ತಮ್ಮದೇ ಮನೆಯ ಅಡುಗೆಮನೆಯ ಬಾಗಿಲಿರಲಿ, ಅವರು ಅದರೆದುರು ಒಂದು ಕ್ಷಣ ನಿಂತು, ಮೈಯನ್ನು ತುಸು ಓರೆಮಾಡಿ, ಮೊಣಕೈಯಿಂದಲೋ ಸೊಂಟದಿಂದಲೋ ಹದವಾದ ಒಂದು ನೂಕು ಕೊಟ್ಟು ಒಳಗೆ ಸಾಗುವರು. ಆಗ ಅವರ ಎರಡು ಕೈಗಳೂ ಎದೆಯ ಮಟ್ಟಕ್ಕೆ ಎದ್ದು, ಬೆರಳುಗಳು ಮೇಲ್ಮುಖವಾಗಿ, ಗೋಡೆಗೂ ಬಟ್ಟೆಗೂ ಮನುಷ್ಯರಿಗೂ ತಗಲದಂತೆ ಗಾಳಿಯಲ್ಲಿ ನಿಂತಿರುವುವು. ರಸ್ತೆಯ ತುದಿಯಲ್ಲಿ ಅವರು ನಡೆದು ಬರುವುದನ್ನು ಕಂಡರೆ ಕಾಣದ ಒಂದು ತಟ್ಟೆಯನ್ನು ಹೊತ್ತು ತರುತ್ತಿರುವಂತೆ ತೋರುತ್ತಿತ್ತು. ನಡಿಗೆಯೂ ಅದಕ್ಕೆ ತಕ್ಕ ಹಾಗೆಯೇ: ಚಿಕ್ಕ ಹೆಜ್ಜೆ, ಬಿರುಸು ಹೆಜ್ಜೆ, ಎದುರಿಗೆ ಬಂದವರು ತಾವಾಗಿಯೇ ದಾರಿ ಬಿಡುವರೆಂಬ ತುಂಬು ಭರವಸೆಯ ಹೆಜ್ಜೆ. ಜನ ದಾರಿ ಬಿಡುತ್ತಲೂ ಇದ್ದರು.

ಅವರು ದೊಡ್ಡಾಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿಗೆ ಮುಖ್ಯ ನರ್ಸು. ನನ್ನ ಅಣ್ಣ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು; ಉಗುರಿನ ಸಂದಿಯಲ್ಲಿ ಸದಾ ಯಾವುದಾದರೊಂದು ಬಣ್ಣ ಇಟ್ಟುಕೊಂಡೇ ಓಡಾಡುವ ಸಾಧು ಪ್ರಾಣಿ. ಇಂಥವನಿಗೆ ಅಂಥವರು ಹೇಗೆ ಗಂಟುಬಿದ್ದರೆಂಬುದು ನಮ್ಮ ಬಂಧುಬಳಗದಲ್ಲಿ ಇಂದಿಗೂ ಬಗೆಹರಿಯದ ಪ್ರಶ್ನೆ. ಮದುವೆಗೆ ಮುಂಚೆ ಒಮ್ಮೆ ಉದ್ಯಾನದ ಬೆಂಚಿನ ಮೇಲೆ ಕುಳಿತಿದ್ದಾಗ ಅಣ್ಣ ಧೈರ್ಯ ತಂದುಕೊಂಡು ಅವರ ಕೈ ಹಿಡಿದನಂತೆ. ಅತ್ತಿಗೆ ಕೈ ಬಿಡಿಸಿಕೊಳ್ಳಲಿಲ್ಲ, ನಾಚಲೂ ಇಲ್ಲ. "ಇಲ್ಲೇ ಎಲ್ಲಾದ್ರೂ ನಲ್ಲಿ ಇದ್ಯಾ ನೋಡಿ" ಎಂದರಂತೆ. ಈ ಕಥೆಯನ್ನು ಅಣ್ಣ ಎಲ್ಲರೆದುರಿಗೂ ಹೇಳುತ್ತಾನೆ, ಪ್ರತಿ ಸಲವೂ ಅತ್ತಿಗೆ "ಅದರಲ್ಲಿ ನಗೋದೇನಿದೆ?" ಎಂದು ನಿಜವಾಗಿಯೂ ಅರ್ಥವಾಗದ ಮುಖದಲ್ಲಿ ಕೇಳುತ್ತಾರೆ.

ಮನೆಯ ನಲ್ಲಿಗಳಿಗೆಲ್ಲ ಉದ್ದನೆಯ ಹಿಡಿ ಹಾಕಿಸಿದ್ದು ಅಣ್ಣನೇ, ಮೊಣಕೈಯಿಂದ ತಿರುಗಿಸಲು ಅನುಕೂಲವಾಗಲೆಂದು. ಒಮ್ಮೆ ಪ್ರೀತಿಯಿಂದ ಅವರಿಗೊಂದು ಉಣ್ಣೆಯ ಕೋಟು ತಂದುಕೊಟ್ಟ. ಬೂದು ಬಣ್ಣದ, ಮೆತ್ತನೆಯ, ಮುಂಗೈವರೆಗೂ ತೋಳಿದ್ದ ಒಳ್ಳೆಯ ಕೋಟು. ಅತ್ತಿಗೆ ಅದನ್ನು ತೊಟ್ಟು ಕನ್ನಡಿಯೆದುರು ನಿಂತು ಮೆಚ್ಚಿಕೊಂಡರು. ಮರುದಿನ ಬೆಳಗ್ಗೆ ಅದರ ಎರಡೂ ತೋಳುಗಳು ಮೊಣಕೈಗಿಂತ ಮೇಲಕ್ಕೆ ಕತ್ತರಿಸಲ್ಪಟ್ಟು ಹೊಲಿಗೆ ಯಂತ್ರದ ಪಕ್ಕದಲ್ಲಿ ಬಿದ್ದಿದ್ದವು. "ತೋಳಿಲ್ಲದ ಕೋಟು ಕೋಟೇ ಅಲ್ಲ ಕಣೇ" ಎಂದು ಅಣ್ಣ ಗೋಳಾಡಿದ. "ಹಾಗಾದ್ರೆ ಬೇರೆ ಏನಾದ್ರೂ ಹೆಸರಿಡಿ. ಉದ್ದ ತೋಳು ಕಂಡ ಕಂಡ ಹಾಸಿಗೆ ಎಲ್ಲಾ ಒರೆಸ್ಕೊಂಡು ಬರುತ್ತೆ" ಎಂದರು ಅತ್ತಿಗೆ. ಆ ಮೊಟಕು ಕೋಟು ಮುಂದೆ ಅವರ ಗುರುತೇ ಆಗಿಹೋಯಿತು. ಎಂಥ ಚಳಿಯಲ್ಲೂ ಕೆಂಪಗೆ ಬಿರಿದ ಮೊಣಕೈಗಳನ್ನು ಹೊರಗೆ ಚಾಚಿಕೊಂಡು ಅವರು ಅದರೊಳಗೆ ಸುಖವಾಗಿ ಇರುತ್ತಿದ್ದರು.

ಮಾತಿನಲ್ಲಿ ಅವರಿಗೊಂದು ಚಾಳಿಯಿತ್ತು. "ಮೊದ್ಲು ಒಣಗ್ಲಿ" ಎನ್ನುವುದು. ಗಾಯ ಒಣಗುವ ತನಕ ಅದನ್ನು ಕೆದಕಬಾರದೆಂಬ ವಾರ್ಡಿನ ವಿವೇಕ ಅವರ ಬಾಯಲ್ಲಿ ಸಕಲ ಲೋಕವ್ಯವಹಾರಕ್ಕೂ ಅನ್ವಯವಾಗುತ್ತಿತ್ತು. ನೆರೆಮನೆಯವರೊಡನೆ ಅಣ್ಣನಿಗೆ ಜಗಳವಾಗಿ ಅವನು ರಾಜಿಗೆ ಹೊರಟರೆ "ಒಣಗ್ಲಿ". ನನ್ನ ಪುಸ್ತಕವೊಂದನ್ನು ವಿಮರ್ಶಕರೊಬ್ಬರು ಪತ್ರಿಕೆಯಲ್ಲಿ ಚೆನ್ನಾಗಿ ಜಾಡಿಸಿದಾಗ ನಾನು ಕಿಡಿಕಿಡಿಯಾಗಿ ಉತ್ತರ ಬರೆಯಲು ಕುಳಿತಿದ್ದೆ. ಅತ್ತಿಗೆ ಬಂದು ಮೊಣಕೈಯಿಂದ ನನ್ನ ಲೇಖನಿಯನ್ನು ಆಚೆ ಸರಿಸಿ "ಒಣಗ್ಲಿ ಕಣಪ್ಪ, ಆಮೇಲೆ ಮುಟ್ಟು" ಎಂದರು. ಒಣಗಿದ ಮೇಲೆ ನೋಡಿದರೆ ವಿಮರ್ಶಕರು ಬರೆದದ್ದರಲ್ಲಿ ಮುಕ್ಕಾಲು ಪಾಲು ಸರಿಯಾಗಿಯೇ ಇತ್ತು, ನಾನು ಸುಮ್ಮನಾದೆ.

ವಾರ್ಡಿನೊಳಗೆ ಅವರ ಮಾತೇ ಕಾನೂನು. ಹೆಸರಾಂತ ಶಸ್ತ್ರವೈದ್ಯರೊಬ್ಬರು, ನಡೆದರೆ ಹಿಂದೆ ಶಿಷ್ಯರ ದಂಡೇ ನಡೆಯುವಂಥವರು, ಮುಂಗೈಗೆ ದಪ್ಪನೆಯ ಗಡಿಯಾರ ಕಟ್ಟಿಕೊಂಡೇ ರೋಗಿಯ ಹಾಸಿಗೆಯತ್ತ ಹೊರಟಿದ್ದರಂತೆ. ಅತ್ತಿಗೆ ಸ್ಟೀಲಿನ ಟ್ರೇಯೊಂದನ್ನು ಅವರೆದುರು ಹಿಡಿದು "ಇದರಲ್ಲಿ ಹಾಕಿ ಸರ್" ಎಂದರು. "ನಾನು ಯಾರು ಅಂತ ಗೊತ್ತೇನಮ್ಮ?" ಎಂದು ಅವರು ಹುಬ್ಬೇರಿಸಿದರೆ, "ಗೊತ್ತು ಸರ್, ಗಡಿಯಾರ ಕಟ್ಕೊಂಡಿರೋರು" ಎಂದು ಉತ್ತರ. ಶಿಷ್ಯರು ನಗು ನುಂಗಿಕೊಳ್ಳಲು ಪಟ್ಟ ಪಾಡನ್ನು ಅತ್ತಿಗೆ ಅಭಿನಯಿಸಿ ತೋರಿಸುತ್ತಿದ್ದರು. ಶಸ್ತ್ರವೈದ್ಯರು ಗಡಿಯಾರ ಬಿಚ್ಚಿದರು. ಮುಂದೆ ಇತರ ವಾರ್ಡುಗಳಲ್ಲೂ ಬಿಚ್ಚಿಯೇ ಬರುತ್ತಿದ್ದರೆಂದು ಕೇಳಿದ್ದೇನೆ.

ನನಗೆ ಆಸ್ಪತ್ರೆಯೆಂದರೆ ಅಳುಕು. ಆದರೂ ಅತ್ತಿಗೆಯ ಕೆಲಸವನ್ನು ಒಂದೆರಡು ಸಲ ಹೊಸ್ತಿಲಲ್ಲಿ ಮುಖಗವಸು ಹಾಕಿಕೊಂಡು ನಿಂತು ನೋಡಿದ್ದೇನೆ. ಸುಟ್ಟ ಮೈಗೆ ಅಂಟಿಕೊಂಡ ಪಟ್ಟಿಯನ್ನು ಬಿಡಿಸುವುದು ಆ ವಾರ್ಡಿನಲ್ಲಿ ಪ್ರತಿದಿನದ ಕೆಲಸ, ಪ್ರತಿದಿನದ ಯಾತನೆ. ಅವಸರದ ಕೈ ಎಳೆದುಬಿಡುತ್ತದೆ, ರೋಗಿ ಕಿರುಚುತ್ತಾನೆ, ಆಗಷ್ಟೇ ಕೂಡುತ್ತಿದ್ದ ಚರ್ಮವೂ ಪಟ್ಟಿಯೊಡನೆ ಎದ್ದು ಬರುತ್ತದೆ. ಅತ್ತಿಗೆ ಕೈಗವಸು ತೊಟ್ಟು, ಬೆಚ್ಚಗಿನ ಉಪ್ಪುನೀರನ್ನು ಮೆಲ್ಲಗೆ ಸುರಿದು, ಪಟ್ಟಿ ತಾನಾಗಿ ಸಡಿಲಗೊಳ್ಳುವ ತನಕ ಕಾಯುತ್ತಿದ್ದರು. ಕಾಯುತ್ತ ಆ ಮನುಷ್ಯನ ಮಕ್ಕಳ ವಿಷಯ, ಕೆಲಸದ ವಿಷಯ, ಅವನ ಯಜಮಾನನ ಜಿಪುಣತನ ಎಲ್ಲವನ್ನೂ ಮಾತಿಗೆಳೆಯುತ್ತಿದ್ದರು. ಪಟ್ಟಿ ಬಿಚ್ಚಿದ್ದು ರೋಗಿಗೆ ಗೊತ್ತಾಗುವ ಮೊದಲೇ ಕೆಲಸ ಮುಗಿದಿರುತ್ತಿತ್ತು. ಸಿಸ್ಟರಮ್ಮನ ಕೈಗುಣ ದೊಡ್ಡದು ಎಂದು ವಾರ್ಡಿಗೆ ವಾರ್ಡೇ ಹೇಳುತ್ತಿತ್ತು, ಅತ್ತಿಗೆಯೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಆ ಕೈಗುಣದ ಹಿಂದೆ ಒಂದು ಹಟದ ರೂಢಿಯಿತ್ತು, ಅದನ್ನಿಲ್ಲಿ ಹೇಳಲೇಬೇಕು. ಹಳೆಯ ಪಟ್ಟಿ ಬಿಚ್ಚಿ ಗಾಯ ತೊಳೆದ ಮೇಲೆ ಅವರು ಕೈಗವಸನ್ನು ಕಳಚಿ, ಮತ್ತೊಮ್ಮೆ ಕೈ ತೊಳೆದು ಬಂದು, ಬರಿಯ ಬೆರಳ ತುದಿಯಿಂದ ಗಾಯದ ಅಂಚಿನ ಚರ್ಮವನ್ನು ಒಂದು ಸುತ್ತು ಸೋಕಿ ನೋಡುತ್ತಿದ್ದರು. ಬಿಸಿಯಿದೆಯೆ, ಬಿಗಿದಿದೆಯೆ, ಒಳಗೆ ಕೀವು ಕೂಡುತ್ತಿದೆಯೆ ಎಂದು. ಹೊಸ ಪಟ್ಟಿ ಕಟ್ಟುವುದು ಆಮೇಲೆ. ಇದು ನಿಯಮಕ್ಕೆ ವಿರುದ್ಧ. "ಕೈಗವಸಿಗೆ ಏನು ತಿಳಿಯುತ್ತೆ ಮಣ್ಣು?" ಎನ್ನುವುದು ಅವರ ವಾದ. ತಮ್ಮಷ್ಟು ಕೈ ತೊಳೆಯುವವರಿಗೆ ಈ ಒಂದು ರಿಯಾಯಿತಿ ಸಲ್ಲಬೇಕೆಂದು ಅವರು ನಂಬಿದ್ದರು, ಅವರು ತೊಳೆಯುವುದನ್ನು ಕಂಡ ಯಾರೂ ಅದಕ್ಕೆ ಇಲ್ಲವೆನ್ನುವಂತಿರಲಿಲ್ಲ.

ಏಕೆಂದರೆ ಅದು ತೊಳೆಯುವುದಲ್ಲ, ಕೈಗಳ ಮೇಲೆ ನಡೆಸುವ ಒಂದು ದಂಡಯಾತ್ರೆ. ಸುಡುವ ನೀರು, ಒರಟು ಸೋಪು, ಬಿರುಸು ಕೂದಲಿನ ಬ್ರಷ್ಷು. ಬೆರಳಿನಿಂದ ಬೆರಳಿಗೆ, ಉಗುರಿನಿಂದ ಮೊಣಕೈಗೆ, ಪಾತ್ರೆಯ ತಳ ತಿಕ್ಕುವವರಂತೆ ತಿಕ್ಕುವರು. ಹಾಸಿಗೆ ಹಾಸಿಗೆಗೂ ಈಗ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಬಾಟಲಿ ತೂಗುಹಾಕಿರುತ್ತಾರಲ್ಲ, ಅದನ್ನು ಕಂಡರೆ ಅವರಿಗೆ ಆಗದು. "ಎರಡು ತೊಟ್ಟು ಸವರ್ಕೊಂಡ್ರೆ ಕೈ ಶುದ್ಧ ಆಗುತ್ತಾ? ಅದೂ ಅಲ್ದೆ ಹಚ್ಚಿದ್ರೆ ಬೆಂಕಿ ಇಟ್ಟ ಹಾಗೆ ಉರಿಯುತ್ತೆ" ಎನ್ನುತ್ತಿದ್ದರು. ಕೈ ಬಿರಿಯದಿರಲೆಂದು ಮುಲಾಮು ಹಚ್ಚಿಕೊಳ್ಳುವ ಕಿರಿಯ ನರ್ಸುಗಳನ್ನು ಕಂಡರೆ "ಏನ್ರಮ್ಮಾ, ಸೋಮಾರಿಗಳ ಬೆಣ್ಣೆ ಹಚ್ಕೊಂಡ್ರಾ?" ಎಂದು ಛೇಡಿಸುವರು. ಅವರ ಸ್ವಂತ ಕೈಗಳೋ, ಗೆಣ್ಣುಗಳ ಮೇಲೆ ಸಣ್ಣ ಸಣ್ಣ ಬಿರುಕು, ಉಗುರಿನ ಬುಡ ಸದಾ ಕೆಂಪು, ಚಳಿಗಾಲದಲ್ಲಿ ಅಲ್ಲಲ್ಲಿ ರಕ್ತದ ಗೆರೆ. "ದುಡಿದ ಕೈ ಹೀಗೇ ಇರೋದು" ಎಂದು ಅದನ್ನು ಪದಕದಂತೆ ತೋರಿಸುತ್ತಿದ್ದರು.

ಇಂಥ ವಾರ್ಡಿಗೆ ಒಬ್ಬ ಬಸ್ಸಿನ ಡ್ರೈವರು ಬಂದು ಸೇರಿದ. ಇಂಜಿನ್ನಿಗೆ ಬೆಂಕಿ ಹತ್ತಿದಾಗ ಪ್ರಯಾಣಿಕರನ್ನೆಲ್ಲ ಇಳಿಸಿ ತಾನು ಕೊನೆಗೆ ಇಳಿದವನು. ಬಲಗೈ ಭುಜದಿಂದ ಮುಂಗೈವರೆಗೆ ಸುಟ್ಟಿತ್ತು. ತೊಡೆಯ ಚರ್ಮ ತೆಗೆದು ತೋಳಿಗೆ ಕಸಿ ಮಾಡಿದರು. ಆ ಕಸಿ ಹಿಡಿದರೆ ಮೊಣಕೈ ಮಡಿಸುತ್ತದೆ, ಮೊಣಕೈ ಮಡಿಸಿದರೆ ಬಸ್ಸು ಓಡಿಸಬಹುದು. ಇಲ್ಲವಾದರೆ ಆ ತೋಳು ಒಂದು ಮರದ ತುಂಡು. ಒಳ್ಳೆಯ ಮಾತುಗಾರ. "ಸಿಸ್ಟರಮ್ಮ, ನೀವು ಬಂದ್ರೆ ಮಾತ್ರ ನಾನು ಕೈ ಕೊಡೋದು" ಎಂದು ಬೇರೆಯವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅತ್ತಿಗೆಯೂ ಮನೆಯಲ್ಲಿ ಅವನ ಮಾತನ್ನೇ ಆಡುತ್ತ, ಕಸಿ ಅಂಚಿನಲ್ಲಿ ಹೇಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತಿದೆಯೆಂದು ಅಣ್ಣನ ಬಣ್ಣದ ಕೊಳವೆಗಳಲ್ಲಿ ಹುಡುಕಿ ತೋರಿಸುತ್ತಿದ್ದರು.

ಒಂದು ಬೆಳಗ್ಗೆ ಆ ಗುಲಾಬಿ ಬಣ್ಣ ಮಂಕಾಗಿ, ಅಂಚಿನಲ್ಲಿ ಹಳದಿ ಕೀವು ಕಾಣಿಸಿಕೊಂಡಿತು. ಎಂದಿನ ಔಷಧಿಗಳು ಯಾವುವೂ ನಾಟಲಿಲ್ಲ. ಕಸಿ ಕಳಚಿಹೋಯಿತು. ಅದರ ಬೆನ್ನಿಗೇ ಇನ್ನೆರಡು ಹಾಸಿಗೆಗಳಲ್ಲಿ ಅದೇ ಕಥೆ. ಪ್ರಯೋಗಾಲಯದ ಡಾಕ್ಟರು, ವಯಸ್ಸಿನಲ್ಲಿ ಚಿಕ್ಕವರು, ಕಡಿಮೆ ಮಾತಿನ ಹೆಣ್ಣುಮಗಳು, ಮೂರೂ ಗಾಯಗಳಲ್ಲಿ ಇರುವುದು ಒಂದೇ ಬ್ಯಾಕ್ಟೀರಿಯಾ, ಸಾಮಾನ್ಯ ಮದ್ದುಗಳಿಗೆ ಬಗ್ಗದ ಜಾತಿಯದು ಎಂದು ತಿಳಿಸಿದರು. ಅದು ಆರೋಗ್ಯವಂತರ ಮೂಗಿನಲ್ಲಿ, ಚರ್ಮದಲ್ಲಿ ತಣ್ಣಗೆ ಕುಳಿತಿರುತ್ತದಂತೆ, ಅವರಿಗೆ ಒಂದು ಸೀನೂ ಬರಿಸದೆ. ಸುಟ್ಟ ಮೈ ಸಿಕ್ಕಿತೋ, ಅಲ್ಲಿ ಅದರ ಆಟ. ಮೂವರಿಗೂ ಒಂದೇ ಆದ್ದರಿಂದ ವಾರ್ಡಿನ ಯಾರೋ ಅದನ್ನು ಹಾಸಿಗೆಯಿಂದ ಹಾಸಿಗೆಗೆ ಹೊತ್ತು ತಿರುಗುತ್ತಿದ್ದಾರೆ ಎಂಬುದು ಅವರ ಅನುಮಾನ. ಎಲ್ಲರ ಮೂಗು ಮತ್ತು ಕೈಗಳಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆಯಬೇಕೆಂದರು.

ಸಿಬ್ಬಂದಿ ಮುಖ ಸಿಂಡರಿಸಿದರು. ಅತ್ತಿಗೆ ಮಾತ್ರ ಸೊಂಟ ಕಟ್ಟಿ ನಿಂತರು. ಅಂದು ಸಂಜೆ ಮನೆಯಲ್ಲಿ ಅವರು ಹೇಳಿದ ವರದಿ ನನಗೆ ಚೆನ್ನಾಗಿ ನೆನಪಿದೆ, ಕಣ್ಣುಗಳು ಹೊಳೆಯುತ್ತಿದ್ದವು. "ಎಲ್ಲರ ಎದುರಿಗೇ ಕುರ್ಚಿ ಹಾಕ್ಕೊಂಡು ಕೂತೆ. ಮೊದಲು ನನ್ನ ಮೂಗು, ನನ್ನ ಕೈ ತಗೊಳ್ಳಿ ಡಾಕ್ಟ್ರೇ ಅಂದೆ. ಇನ್ನೊಂದು ಮಾತೂ ಹೇಳ್ದೆ. ಯಾರ ಹತ್ರ ಸಿಗುತ್ತೋ ಅವರು ಇನ್ನು ಈ ವಾರ್ಡಿನ ಬಾಗಿಲು ದಾಟೋ ಹಾಗಿಲ್ಲ. ಆ ಡ್ರೈವರ ತೋಳು ತಿಂದವರ ಮುಖ ನಾನು ನೋಡಲ್ಲ ಅಂದೆ." ಅಣ್ಣ ತಲೆಯೆತ್ತಿ "ಸ್ವಲ್ಪ ಖಾರ ಆಯ್ತಲ್ವೇನೇ?" ಎಂದ. "ಆಗ್ಲಿ, ಖಾರ ಆಗ್ಲೇಬೇಕು" ಎಂದರು. ಮರುದಿನವೇ ರೋಗಿಗಳ ಸ್ಟ್ರೆಚರ್ ತಳ್ಳುವ ಹಿರಿಯ ಅಟೆಂಡರ್ ಒಬ್ಬ ಮಾದರಿ ಕೊಡದೆ ರಜೆ ಹಾಕಿ ಮಾಯವಾದ. "ನೋಡಿದ್ರಾ, ಕಾಲಿಗೆ ಬುದ್ಧಿ ಹೇಳಿದ! ಅವನದ್ದೇ" ಎಂದು ಅತ್ತಿಗೆ ತೀರ್ಪು ಕೊಟ್ಟುಬಿಟ್ಟರು.

ಭಾನುವಾರ ಬೆಳಗ್ಗೆ ನಾನು ಅಣ್ಣನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಪ್ರಯೋಗಾಲಯದ ಡಾಕ್ಟರು ಬಂದರು. ಭಾನುವಾರ ಮನೆಗೇ ಬಂದಿದ್ದಾರೆಂದರೆ ಏನೋ ಇದೆಯೆಂದು ನನಗೂ ಅಣ್ಣನಿಗೂ ಹೊಳೆಯಿತು, ಅತ್ತಿಗೆಗೆ ಹೊಳೆಯಲಿಲ್ಲ. "ಸಿಕ್ಕಿಬಿದ್ನಾ?" ಎಂದು ಉತ್ಸಾಹದಿಂದ ಕುರ್ಚಿಯನ್ನು ಕಾಲಿನಿಂದ ಎಳೆದುಕೊಟ್ಟರು. ಡಾಕ್ಟರು ಕುಳಿತುಕೊಳ್ಳಲಿಲ್ಲ.

"ಸಿಸ್ಟರ್, ನಿಮ್ಮ ಮೂಗಿನಲ್ಲಿದೆ. ಕೈಯಲ್ಲೂ ಇದೆ."

"ಇನ್ನೊಂದ್ಸಲ ನೋಡಿ."

"ನೋಡಿದೀನಿ. ಮೂರನೇ ಸಲವೂ ನೋಡಿದೆ. ಡ್ರೈವರ್ ಗಾಯದಲ್ಲಿರೋದೂ ನಿಮ್ಮ ಕೈಯಲ್ಲಿರೋದೂ ಒಂದೇ."

"ನಾನು ಕೈ ತೊಳೆಯಲ್ವಾ ಡಾಕ್ಟ್ರೇ?" ಅತ್ತಿಗೆಯ ದನಿ ಏರಿತು. "ಇಡೀ ಆಸ್ಪತ್ರೇಲಿ ನನ್ನಷ್ಟು ಕೈ ತೊಳೆಯೋರು ಯಾರಿದಾರೆ ಹೇಳಿ!"

"ಯಾರೂ ಇಲ್ಲ. ಅದಕ್ಕೇ ಬಂದಿದ್ದು ಸಿಸ್ಟರ್. ತಿಕ್ಕಿ ತಿಕ್ಕಿ ಚರ್ಮ ಒಡೆದಿದೆ. ಆ ಬಿರುಕಿನೊಳಗೆ ಅದು ಮನೆ ಮಾಡಿದೆ. ಅಲ್ಲಿಗೆ ನಿಮ್ಮ ಸೋಪೂ ಹೋಗಲ್ಲ, ಬ್ರಷ್ಷೂ ಹೋಗಲ್ಲ. ನೀವು ಉಜ್ಜಿದಷ್ಟೂ ಅದಕ್ಕೆ ಜಾಗ ಜಾಸ್ತಿ."

ಅತ್ತಿಗೆ ತಮ್ಮ ಕೈಗಳನ್ನು ನೋಡಿಕೊಂಡರು. ಆವರೆಗೆ ನಾನು ಅವರ ಮುಖದಲ್ಲಿ ಕಾಣದ ಒಂದು ಭಾವ ಕಂಡಿತು. ತನ್ನ ಮನೆಯ ಬೀಗಕ್ಕೆ ತನ್ನ ಕೀಲಿಯೇ ಹೊಂದದೆ ಬಾಗಿಲಲ್ಲಿ ನಿಂತವರ ಗಲಿಬಿಲಿ. ಬರಿಯ ಬೆರಳಿನಿಂದ ಗಾಯದ ಅಂಚನ್ನು ಸೋಕುತ್ತಿದ್ದುದು ಆಗ ಅವರಿಗೆ ನೆನಪಾಗಿರಬೇಕು. "ಡ್ರೈವರ್... ಆ ಬಡಪಾಯಿ ಕೈ ಕೊಡ್ತಿದ್ದದ್ದು ನನಗೆ ಮಾತ್ರ" ಎಂದರು, ಕುಸಿದಂತೆ ಕುಳಿತರು. ಅಣ್ಣ ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟ, ಆ ಕೈಯಲ್ಲಿ ಹಸಿರು ಬಣ್ಣವಿತ್ತು. ಅತ್ತಿಗೆ ಅದನ್ನು ಸರಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಅವರ ಗಟ್ಟಿತನ ಹಿಂದಿರುಗಿತು, ಆದರೆ ತಪ್ಪು ದಾರಿಯಲ್ಲಿ. "ಸರಿ. ನನ್ನ ಮಾತು ನನಗೂ ಅನ್ವಯ. ನಾಳೆಯಿಂದ ನಾನು ಆ ಬಾಗಿಲು ದಾಟಲ್ಲ" ಎಂದರು. ಡಾಕ್ಟರು ಆಗ ಕುರ್ಚಿಯ ಮೇಲೆ ಕುಳಿತರು. ಇದಕ್ಕೆ ಚಿಕಿತ್ಸೆಯಿದೆ, ಮೂಗಿಗೆ ಮುಲಾಮು, ಮೈಗೆ ಔಷಧದ ಸ್ನಾನ, ಚರ್ಮ ವಾಸಿಯಾಗುವ ತನಕ ರಜೆ. ಹೆಸರು ಯಾರಿಗೂ ತಿಳಿಯುವುದಿಲ್ಲ, ತಿಳಿಸಬಾರದೆಂಬುದೇ ನಿಯಮ ಎಂದು ವಿವರಿಸಿದರು. ಅತ್ತಿಗೆ ತಲೆಯಾಡಿಸಿ "ಬೇಡ, ನಾನು ಹೋಗೋದೇ ಸರಿ" ಎನ್ನುತ್ತಲೇ ಇದ್ದರು. ಕೊನೆಗೆ ಕಡಿಮೆ ಮಾತಿನ ಆ ಹೆಣ್ಣುಮಗಳಿಗೆ ಸಿಟ್ಟೇ ಬಂತು.

"ನೀವು ಹೋದ್ರೆ ನಿಮ್ಮ ಮಾತೇನೋ ಉಳಿಯುತ್ತೆ ಸಿಸ್ಟರ್, ನನ್ನ ಕೆಲಸ ಹಾಳಾಗುತ್ತೆ. ಸಿಕ್ಕಿದವರನ್ನೆಲ್ಲಾ ಓಡಿಸ್ತಾರೆ ಅಂತಾದ್ರೆ ಮುಂದಿನ ಸಲ ಯಾರು ನನಗೆ ಮೂಗು ಕೊಡ್ತಾರೆ? ಎಲ್ಲರೂ ಆ ಅಟೆಂಡರ್ ಥರ ಬಚ್ಚಿಟ್ಕೋತಾರೆ. ಇರೋದು ಇದ್ದ ಹಾಗೇ ಹಾಸಿಗೆಯಿಂದ ಹಾಸಿಗೆಗೆ ಓಡಾಡ್ತಾ ಇರುತ್ತೆ."

ಅತ್ತಿಗೆ ಏನೋ ಹೇಳಲು ಬಾಯಿ ತೆರೆದರು. "ಒಣಗ್ಲಿ ಕಣೇ" ಎಂದ ಅಣ್ಣ, ಮೆಲ್ಲಗೆ. ಮದುವೆಯಾದಂದಿನಿಂದ ಆ ಮನೆಯಲ್ಲಿ ಅವನು ಗೆದ್ದ ಮೊದಲ ಮಾತು ಅದು.

ಮರುದಿನ ಅವರು ಆಸ್ಪತ್ರೆಗೆ ಹೋದದ್ದು ಕೆಲಸಕ್ಕಲ್ಲ. ಹೆಸರು ಗುಟ್ಟಾಗಿಡುವ ನಿಯಮ ಅವರಿಗೆ ಹಿಡಿಸಲಿಲ್ಲ. ಗುಟ್ಟಾಗಿಟ್ಟರೆ ಪಾಪ ಆ ಅಟೆಂಡರನ ತಲೆಗೇ ಅಪವಾದ ಕಟ್ಟುತ್ತಿತ್ತು, ಕಟ್ಟಿದವರು ತಾವೇ ಎಂಬುದು ಬೇರೆ. ನಾನು ಜೊತೆಗಿದ್ದೆ. ಕೈಗೆ ಬಿಳಿ ಹತ್ತಿಯ ಗವಸು, ಮುಖಕ್ಕೆ ಮುಖಗವಸು ಹಾಕಿಕೊಂಡು ವಾರ್ಡಿನ ಹೊರಗಿನ ಕೋಣೆಯಲ್ಲಿ ಎಲ್ಲರನ್ನೂ ಕರೆದು, ಕಡ್ಡಿ ಮುರಿದಂತೆ ಹೇಳಿದರು: "ಸಿಕ್ಕಿದ್ದು ನನ್ನ ಹತ್ರ. ಮೊನ್ನೆ ನಾನು ಆಡಿದ ಮಾತು ತಪ್ಪು, ವಾಪಸ್ ತಗೊಂಡಿದೀನಿ. ವಾಸಿ ಮಾಡ್ಕೊಂಡು ಬರ್ತೀನಿ. ಬಂದ ಮೇಲೂ ಪ್ರತಿ ಸಲ ನನ್ನದೇ ಮೊದಲು ಪರೀಕ್ಷೆ ಆಗ್ಲಿ. ಯಾರ ಹತ್ರ ಸಿಕ್ಕಿದ್ರೂ ಅವರು ವಾಸಿ ಮಾಡ್ಕೊಂಡು ಬರ್ಬೇಕು, ಅಷ್ಟೆ." ಕೆಲವರ ಕಣ್ಣಲ್ಲಿ ನೀರಿತ್ತು, ಒಂದಿಬ್ಬರ ಮುಖದಲ್ಲಿ ಸಂತೋಷವನ್ನೂ ಕಂಡೆ. ಆಳಿದವರು ಬಿದ್ದಾಗ ಅಷ್ಟು ಇರುವುದೇ.

ಆಮೇಲೆ ಡ್ರೈವರನ ಹಾಸಿಗೆಯಿಂದ ದೂರ ನಿಂತು ಅವನಿಗೂ ಹೇಳಿದರು. ಇದನ್ನು ಮಾಡಬೇಕಿಲ್ಲವೆಂದು ಡಾಕ್ಟರು ಬೇಡಿಕೊಂಡಿದ್ದರು. "ನಿಮ್ಮ ತೋಳಿಗೆ ಆದದ್ದು ನನ್ನ ಕೈಯಿಂದ. ಬೇಕು ಅಂತ ಮಾಡಿದ್ದಲ್ಲ, ಆದ್ರೆ ನನ್ನಿಂದ್ಲೇ ಆದದ್ದು." ಅವನು ಮಾಡಿನತ್ತ ಕಣ್ಣು ನೆಟ್ಟ. "ಬೇರೆ ಯಾರನ್ನೂ ಹತ್ರ ಸೇರಿಸ್ಲಿಲ್ವಲ್ಲಮ್ಮ ನಾನು" ಎಂದ. ಆಮೇಲೆ, "ಇನ್ನು ಮೇಲೆ ನೀವು ನನ್ನ ಮುಟ್ಬೇಡಿ" ಎಂದು ಗೋಡೆಯ ಕಡೆ ಹೊರಳಿದ. ಅತ್ತಿಗೆ "ಸರಿ" ಎಂದರು. ಹೊರಗೆ ಬಂದಾಗ ಅವರ ಕೈಗಳು ಎರಡೂ ಬದಿಯಲ್ಲಿ ಜೋತುಬಿದ್ದಿದ್ದವು, ಬಾಗಿಲನ್ನು ನಾನು ತೆರೆದೆ.

ಮನೆಯಲ್ಲಿ ಕಳೆದ ಆ ದಿನಗಳು ಅವರಿಗೆ ಶಿಕ್ಷೆ, ಉಳಿದವರಿಗೆ ಪರೀಕ್ಷೆ. ಬಿಸಿನೀರು ನಿಷಿದ್ಧ, ಬ್ರಷ್ಷು ನಿಷಿದ್ಧ, ಪಾತ್ರೆ ತೊಳೆಯುವುದಂತೂ ಮಹಾಪರಾಧ. ಮುಲಾಮು ಬಳಿದ ಕೈಗಳಿಗೆ ಗವಸು ತೊಟ್ಟು, ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಅಣ್ಣ ಬೇಳೆ ತೊಳೆಯುವ ವಿಧಾನವನ್ನು ಅವರು ಹೀಯಾಳಿಸುತ್ತಿದ್ದ ಪರಿಯನ್ನು ಕೇಳಲೆಂದೇ ನಾನು ದಿನಾ ಹೋಗುತ್ತಿದ್ದೆ. "ಸೋಮಾರಿಗಳ ಬೆಣ್ಣೆ ಹೇಗಿದೆ ಅತ್ತಿಗೆ?" ಎಂದು ಒಮ್ಮೆ ಕೇಳಿಯೇಬಿಟ್ಟೆ. "ಬಾಯ್ಮುಚ್ಚು, ಇಲ್ದಿದ್ರೆ ನಿನ್ನ ಮೂಗಿಗೂ ಹಚ್ತೀನಿ" ಎಂದರು. ಡಾಕ್ಟರು ಒಂದು ಬಾಟಲಿ ಸ್ಯಾನಿಟೈಸರನ್ನೂ ಕೊಟ್ಟಿದ್ದರು, ಚರ್ಮ ಕೂಡಿದ ಮೇಲೆ ಅಭ್ಯಾಸ ಮಾಡಿಕೊಳ್ಳಲೆಂದು. ಅತ್ತಿಗೆ ಹಗೆಯನ್ನು ಸೋಕುವವರಂತೆ ಎರಡು ತೊಟ್ಟು ಅಂಗೈಗೆ ಹಾಕಿಕೊಂಡು ಉಜ್ಜಿ, ಉರಿಗಾಗಿ ಕಾದರು. ಉರಿಯಲಿಲ್ಲ. ಇನ್ನೊಮ್ಮೆ ಹಾಕಿದರು. ಬಾಟಲಿಯನ್ನು ಹಿಡಿದುಕೊಂಡೇ ಕುಳಿತು, "ಉರೀತಿದ್ದದ್ದು ಇದರಿಂದ ಅಲ್ಲ ಕಣೋ, ನನ್ನ ಕೈ ಒಡೆದಿತ್ತು ಅಂತ. ಅದು ಹೇಳ್ತಾನೇ ಇತ್ತು, ನಾನು ಬೈತಾ ಇದ್ದೆ" ಎಂದರು. ಅವರು ಅತ್ತದ್ದನ್ನು ನಾನು ನೋಡಿದ್ದು ಆಗ.

ಪರೀಕ್ಷೆಯ ಮೇಲೆ ಪರೀಕ್ಷೆ ನಡೆದು, ಮೂಗಿನಲ್ಲೂ ಕೈಯಲ್ಲೂ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಡಾಕ್ಟರು ಕೆಲಸಕ್ಕೆ ಕರೆದರು. ಅಷ್ಟರಲ್ಲಿ ಅತ್ತಿಗೆ ಒಂದು ಕೆಲಸ ಮಾಡಿದ್ದರು: ರಜೆ ಹಾಕಿ ಅಡಗಿದ್ದ ಅಟೆಂಡರನ ಮನೆ ಹುಡುಕಿಕೊಂಡು ಹೋಗಿ, ಬಾಗಿಲ ಹೊರಗೇ ನಿಂತು "ನನ್ನ ಹತ್ರಾನೇ ಇತ್ತಂತೆ, ನಿನ್ನ ಹತ್ರ ಇದ್ರೆ ಏನೀಗ? ನಡಿ" ಎಂದು ಗದರಿಸಿ ಕರೆತಂದಿದ್ದರು. ಅವನು ಕಣ್ಣು ಮುಚ್ಚಿಕೊಂಡು ಮೂಗು ಕೊಟ್ಟ. ಅವನಲ್ಲಿ ಏನೂ ಇರಲಿಲ್ಲ. ಹೆದರಿಕೆಯೊಂದು ಬಿಟ್ಟು.

ಅವರು ಮರಳಿದ ದಿನ ಅಣ್ಣನಿಗೆ ಶಾಲೆಯಿತ್ತು, ನಾನೇ ಕರೆದೊಯ್ದೆ. ಡ್ರೈವರನಿಗೆ ಹೊಸ ಔಷಧಿಯಿಂದ ಗಾಯ ಶುದ್ಧವಾಗಿ, ಎರಡನೆಯ ಸಲ ಕಸಿ ಮಾಡಿದ್ದರು. ಅದರ ಪಟ್ಟಿ ಮೊದಲ ಬಾರಿಗೆ ಬಿಚ್ಚುವ ದಿನ ಅಂದೇ. ಕಸಿ ಹಿಡಿದಿದೆಯೋ ಇಲ್ಲವೋ ಎಂಬುದು ಪಟ್ಟಿಯ ಕೆಳಗಿತ್ತು. ಮೂರನೆಯ ಕಸಿಗೆ ಅವನ ತೊಡೆಯಲ್ಲಿ ಒಳ್ಳೆಯ ಚರ್ಮ ಉಳಿದಿರಲಿಲ್ಲವೆಂದು ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದರು. ಒಬ್ಬ ಕಿರಿಯ ನರ್ಸು ಬಟ್ಟಲು, ಕತ್ತರಿ ಜೋಡಿಸಿಕೊಂಡು ನಿಂತಿದ್ದಳು. ಅತ್ತಿಗೆ ಕೊಟ್ಟ ಮಾತಿನಂತೆ ಹಾಸಿಗೆಯಿಂದ ದೂರ, ಕಿಟಕಿಯ ಬಳಿ ಇದ್ದರು. ನಾನು ಎಂದಿನಂತೆ ಹೊಸ್ತಿಲಲ್ಲಿ.

ನರ್ಸು ಪಟ್ಟಿಯ ಅಂಚನ್ನು ಹಿಡಿದಳು. ಡ್ರೈವರ್ ತೋಳು ಹಿಂದಕ್ಕೆಳೆದುಕೊಂಡ. ಅವಳು "ಏನೂ ಆಗಲ್ಲ ಅಣ್ಣಾ" ಎಂದಳು. ಅವನು ಅವಳನ್ನು ದಾಟಿ ಕಿಟಕಿಯ ಕಡೆ ನೋಡಿದ.

"ಸಿಸ್ಟರಮ್ಮ, ಇಲ್ಲಿ ಬನ್ನಿ."

ಅತ್ತಿಗೆ ಬಂದರು.

"ಕೈ ತೋರ್ಸಿ."

ವಾರ್ಡಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿದ್ದು ನನಗೆ ತಿಳಿಯಿತು. ಅಷ್ಟು ವರ್ಷ ಅಲ್ಲಿ ಆಳಿದ ಹೆಂಗಸು, ಗಡಿಯಾರದ ಶಸ್ತ್ರವೈದ್ಯರನ್ನು ಮಣಿಸಿದವರು, ಒಬ್ಬ ರೋಗಿಯ ಎದುರು ಎರಡೂ ಕೈ ಚಾಚಿದರು. ಅವನು ಮುಟ್ಟದೆಯೇ ನೋಡಿದ. "ತಿರುಗ್ಸಿ" ಎಂದ. ತಿರುಗಿಸಿದರು. "ಬೆರಳು ಬಿಡ್ಸಿ." ಬಿಡಿಸಿದರು. ಬಸ್ಸು ಹೊರಡುವ ಮುಂಚೆ ಚಕ್ರಗಳನ್ನು ಸುತ್ತಿ ನೋಡುವವರ ಗಮನ ಅವನ ಕಣ್ಣಲ್ಲಿತ್ತು. ಅವಸರವಿರಲಿಲ್ಲ, ದಯೆಯೂ ಇರಲಿಲ್ಲ. ಗೆಣ್ಣುಗಳ ಮೇಲೆ ಬಿರುಕಿರಲಿಲ್ಲ. ಅತ್ತಿಗೆ ಕೈಗಳನ್ನು ಹಿಂದಕ್ಕೆ ತೆಗೆದುಕೊಳ್ಳದೆ, ಮುಖವನ್ನೂ ಆಚೆ ತಿರುಗಿಸದೆ, ಅವನಿಗೆ ಸಾಕಾಗುವ ತನಕ ನಿಂತಿದ್ದರು.

"ಗವಸು ಹಾಕ್ಕೊಳ್ಳಿ" ಎಂದ ಅವನು. "ಕೊನೇ ತನಕ ತೆಗೀಬೇಡಿ."

"ತೆಗೆಯಲ್ಲ" ಎಂದರು ಅತ್ತಿಗೆ. ಬಾಟಲಿಯಿಂದ ಎರಡು ತೊಟ್ಟು ಹಾಕಿಕೊಂಡು ಉಜ್ಜಿ, ಗವಸು ತೊಟ್ಟು, ಉಪ್ಪುನೀರಿನ ಬಟ್ಟಲನ್ನು ಹತ್ತಿರಕ್ಕೆ ಸರಿಸಿದರು. ಅವನು ಆ ತೋಳನ್ನು ಅವರ ಕೈಗಳ ಮೇಲಿಟ್ಟ. ನೀರು ಸುರಿದರು, ಕಾದರು, ಅವನ ಬಸ್ಸಿನ ಮಾತು ತೆಗೆದರು. ಅವನು ತಡೆದು ತಡೆದು ಒಂದೆರಡು ಮಾತು ಕೊಟ್ಟ. ಪಟ್ಟಿ ತಾನಾಗಿ ಸಡಿಲವಾಗಿ ಬಂತು. ಕೆಳಗೆ ಮೊಣಕೈಯ ಮಡಿಕೆಯ ತನಕ ತಿಳಿ ಗುಲಾಬಿ ಬಣ್ಣದ ಚರ್ಮ, ಅಂಚಿನಿಂದ ಅಂಚಿಗೆ, ಎಲ್ಲೂ ಹಳದಿಯಿಲ್ಲದೆ.

"ಹಿಡಿದಿದೆ" ಎಂದರು ಅತ್ತಿಗೆ. ಬೆರಳು ಅಂಚನ್ನು ಸೋಕಲೆಂದು ಅಭ್ಯಾಸಬಲದಿಂದ ಮುಂದೆ ಹೋದದ್ದನ್ನೂ, ಗವಸಿನೊಳಗೇ ಉಳಿದು ಹಿಂದೆ ಬಂದದ್ದನ್ನೂ ನಾನು ನೋಡಿದೆ.

ಇಂಥವರು ಎಲ್ಲ ಕಸುಬಿನಲ್ಲೂ ಇರುತ್ತಾರೆ: ತಮ್ಮ ಕೆಲಸದ ಮೇಲೆ ಬೆಟ್ಟದಷ್ಟು ನಂಬಿಕೆಯಿಟ್ಟವರು, ಲೋಕವನ್ನೆಲ್ಲ ತಮ್ಮ ಅಳತೆಗೆ ನಿಲ್ಲಿಸಿ ಗದರಿಸುವವರು. ಅವರೊಡನೆ ಬದುಕುವುದು ಕಷ್ಟ, ಅವರಿಲ್ಲದೆ ಯಾವ ವಾರ್ಡೂ ಯಾವ ಶಾಲೆಯೂ ಯಾವ ಮನೆಯೂ ನಡೆಯದು. ಆ ಅಳತೆ ಒಂದು ದಿನ ತಮ್ಮ ಕಡೆಗೇ ತಿರುಗಿದಾಗ ಅವರಲ್ಲಿ ಹೆಚ್ಚಿನವರು ಅಳತೆಯನ್ನು ಅಲ್ಲಗಳೆಯುತ್ತಾರೆ, ಮಾನವಂತರು ಎದ್ದು ಹೊರಟುಹೋಗುತ್ತಾರೆ, ಎರಡೂ ಸುಲಭವೇ. ಅತ್ತಿಗೆಯಂಥ ಕೆಲವರು ಮಾತ್ರ, ತಮ್ಮ ತಪ್ಪಿನಿಂದ ಬೆಂದವನ ಹಾಸಿಗೆಯ ಪಕ್ಕಕ್ಕೇ ಮರಳಿ ಬಂದು, ಅವನು ನೋಡಿ ಮುಗಿಸುವ ತನಕ ಕೈ ಚಾಚಿ ನಿಲ್ಲುತ್ತಾರೆ. ನನ್ನ ಮೈಗೆ ಗಾಯವಾದ ದಿನ, ಎಂದೂ ತಪ್ಪದ ಕೈಗಳನ್ನು ನಾನು ಹುಡುಕುವುದಿಲ್ಲ. ಹೀಗೆ ಕೈ ಚಾಚಿ ನಿಂತದ್ದುಂಟೇ ಎಂದು ಕೇಳಿ, ನಿಂತವರಿಗೇ ನನ್ನನ್ನು ಒಪ್ಪಿಸಿಕೊಳ್ಳುತ್ತೇನೆ.